ಅಪ್ಪನ 27 ಡೋಸ್ ಮತ್ತು ನಾವು ಥ್ಯಾಂಕ್ಸ್ ಹೇಳ್ಬೇಕಾದೋರು

ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ ಮೂತ್ರಕೋಶದ ಕ್ಯಾನ್ಸರ್ ಆಗಿತ್ತು. ಹೋದ ವಾರ ಐದು ವರ್ಷದ ಸಿಸ್ಟೋಸ್ಕೋಪಿ, ಅಂದ್ರೆ ಒಳಗೆ ಕ್ಯಾಮೆರಾ ಬಿಟ್ಟು ನೋಡೋ ಪರೀಕ್ಷೆ, ಆಯ್ತು. ಮೂತ್ರಕೋಶದೊಳಗೆ ಏನೂ ಇಲ್ಲ, ಕ್ಲೀನಾಗಿದೆ, ಇನ್ಮೇಲೆ ವರ್ಷಕ್ಕೊಂದ್ಸಲ ಬಂದ್ರೆ ಸಾಕು ಅಂದ್ರು ಡಾಕ್ಟ್ರು. ಅಮ್ಮ ಅಲ್ಲೇ ಕಾರಿಡಾರ್ ಬೆಂಚಿನ ಮೇಲೆ ಕೂತು ಅತ್ತುಬಿಟ್ಲು. ಆಗ್ಲೇ ಬರೀಬೇಕು ಅನ್ಕೊಂಡೆ, ಕೈ ಓಡಿದ್ದು ಇವತ್ತು.

ಶುರುವಾಗಿದ್ದು 2019ರ ದೀಪಾವಳಿ ಟೈಮಲ್ಲಿ. ಅಪ್ಪ ತಿಪಟೂರಿಂದ ಉತ್ತರದ ಕಡೆಗೆ ಕೊಬ್ಬರಿ ಲೋಡ್ ಹೊಡೀತಿದ್ದ ಲಾರಿ ಡ್ರೈವರ್, ಬೀಡಿ ಸೇದೋಕೆ ಶುರು ಮಾಡಿ ನಲವತ್ತು ವರ್ಷ ಆಗಿತ್ತು. ಒಂದಿನ ಒಂದಕ್ಕೆ ಹೋದಾಗ ಕೆಂಪಗೆ ಬಂತು, ನೋವಿಲ್ಲ ಏನಿಲ್ಲ, ಎರಡು ದಿನಕ್ಕೆ ತಾನಾಗೇ ನಿಂತೂ ಹೋಯ್ತು, ಉಷ್ಣ ಅಂತ ಬಾರ್ಲಿ ನೀರು ಕುಡಿದ್ರು. ಮತ್ತೆ ಬಂದಾಗ ಒಂದು ಕ್ಲಿನಿಕ್ಕಲ್ಲಿ ಸ್ಕ್ಯಾನ್ ಮಾಡಿ ಕಿಡ್ನೀಲಿ 4 ಎಂಎಂ ಕಲ್ಲಿದೆ, ಅದರಿಂದಾನೇ ಅಂದ್ರು. ಮೂರು ತಿಂಗಳು ದಿನಾ ಬೆಳಗ್ಗೆ ಬಾಳೆದಿಂಡಿನ ರಸ, ಹುರುಳಿಕಾಳಿನ ಕಟ್ಟು. ಕಲ್ಲು ಇದ್ದಿದ್ದೇನೋ ನಿಜ, ಆದ್ರೆ ರಕ್ತ ಬರ್ತಿದ್ದಿದ್ದು ಅಲ್ಲಿಂದಲ್ಲ.

ಹಾಗಾಗಿ ನನ್ನ ಮೊದಲ ಥ್ಯಾಂಕ್ಸ್ ಲ್ಯಾಬಲ್ಲಿ ಕೆಲಸ ಮಾಡೋ ನಮ್ಮ ಬೀದಿ ಹುಡುಗನಿಗೆ. ರಿಪೋರ್ಟ್ ಕೊಡುವಾಗ, ಅಕ್ಕಾ ನೋವೇ ಇಲ್ದೆ ಪದೇ ಪದೇ ರಕ್ತ ಬರ್ತಿದೆ ಅಂದ್ರೆ ಕಲ್ಲು ಅಂತ ಸುಮ್ನಿರ್ಬೇಡಿ, ಯೂರಾಲಜಿಸ್ಟಿಗೆ, ಅಂದ್ರೆ ಕಿಡ್ನಿ ಮೂತ್ರಕೋಶ ನೋಡೋ ಡಾಕ್ಟ್ರಿಗೆ ತೋರ್ಸಿ, ಒಳಗೆ ಕ್ಯಾಮೆರಾ ಬಿಟ್ಟು ನೋಡ್ಲಿ ಅಂದ. ತಮ್ಮಾ, ನೀನು ಅವತ್ತು ಬಾಯ್ಬಿಟ್ಟು ಹೇಳ್ದೇ ಹೋಗಿದ್ರೆ ನಾವು ಯುಗಾದಿವರೆಗೂ ಬಾಳೆದಿಂಡು ಹಿಂಡ್ತಾನೇ ಇರ್ತಿದ್ವಿ.

ಜನವರಿ 2020ರಲ್ಲಿ ಬೆಂಗಳೂರಲ್ಲಿ ಸ್ಕೋಪಿ, ಗಡ್ಡೆ ಕಾಣಿಸ್ತು, ಕೆರೆದು ತೆಗೆದ್ರು. ಬಯಾಪ್ಸೀಲಿ ಕ್ಯಾನ್ಸರ್, ಹೈ ಗ್ರೇಡ್ (ಜೋರಾಗಿ ಬೆಳೆಯೋ ಥರದ್ದು), ಟಿ1 ಅಂತ ಬಂತು, ಅಂದ್ರೆ ಒಳಪದರ ದಾಟಿ ಇಳಿದಿದೆ, ಸ್ನಾಯುವಿಗೆ ಮುಟ್ಟಿಲ್ಲ. ಸ್ನಾಯುವಿಗೆ ಹೋಗಿದ್ರೆ ಸಾಮಾನ್ಯವಾಗಿ ಇಡೀ ಮೂತ್ರಕೋಶಾನೇ ತೆಗೀಬೇಕಾಗುತ್ತಂತೆ. ಏನಾದ್ರೂ ಉಳಿದಿದ್ಯಾ ಅಂತ ಮಾರ್ಚಲ್ಲಿ ಇನ್ನೊಂದ್ಸಲ ಕೆರೆದು ನೋಡಿದ್ರು. ಆಮೇಲೆ ಬಿಸಿಜಿ ಹಾಕ್ಬೇಕು ಅಂದ್ರು. ನಂಗೆ ಅರ್ಥ ಆಗ್ಲಿಲ್ಲ, ಬಿಸಿಜಿ ಅಂದ್ರೆ ಮಗು ಹುಟ್ಟಿದಾಗ ಟಿಬಿಗೆ ಅಂತ ತೋಳಿಗೆ ಹಾಕೋದಲ್ವಾ, ನಮ್ಮೆಲ್ರ ಎಡತೋಳಲ್ಲೂ ಕಲೆ ಇದ್ಯಲ್ಲ ಅದೇ? ಅದೇ ಅಂದ್ರು ಅಲ್ಲಿದ್ದ ಪಿಜಿ ಡಾಕ್ಟ್ರಮ್ಮ. ಜೋರು ಕಳೆದುಕೊಂಡ ಜೀವಂತ ಟಿಬಿ ಜಾತಿಯ ಬ್ಯಾಕ್ಟೀರಿಯಾನ ಪೈಪಲ್ಲಿ ಮೂತ್ರಕೋಶಕ್ಕೆ ಬಿಡ್ತಾರೆ, ಅದನ್ನ ನೋಡಿ ನಮ್ಮ ಮೈಯ ರೋಗನಿರೋಧಕ ಶಕ್ತಿ ಎದ್ದು ಬಂದು ಕ್ಯಾನ್ಸರ್ ಜೀವಕೋಶಗಳ ಮೇಲೂ ಬೀಳುತ್ತೆ. ಆ ಡಾಕ್ಟ್ರಮ್ಮ ಡ್ಯೂಟಿ ಮುಗಿದ್ಮೇಲೂ ನಿಂತ್ಕೊಂಡು ಚೀಟಿ ಹಿಂದೆ ಚಿತ್ರ ಬರೆದು ಹೇಳಿದ್ರು. ಆ ಚೀಟಿ ಇನ್ನೂ ಅಪ್ಪನ ಫೈಲಲ್ಲಿದೆ.

ವಾರಕ್ಕೊಂದರಂತೆ ಆರು ಡೋಸ್ ಅಂದ್ರು. ಯಾಕೆ ಆರೇ ಅಂತ ಕೇಳ್ದೆ. ಕೆನಡಾದ ಕಿಂಗ್‌ಸ್ಟನ್ ಅನ್ನೋ ಊರಲ್ಲಿ ಅಲ್ವಾರೊ ಮೊರಾಲೆಸ್ ಅನ್ನೋ ಡಾಕ್ಟ್ರು ಇದನ್ನ ಮೊದಲು ಮಾಡಿದಾಗ ಔಷಧಿ ಬರ್ತಿದ್ದಿದ್ದೇ ಆರು ಸೀಸೆಯ ಪ್ಯಾಕಲ್ಲಂತೆ, ಹಾಗಾಗಿ ಆರು! 1976ರಲ್ಲಿ ಅವರು ಪ್ರಿಂಟ್ ಮಾಡಿದ್ದು ಬರೀ ಒಂಬತ್ತು ಪೇಶೆಂಟುಗಳ ವಿಷಯ. ನಾನು ಅವತ್ತು ರಾತ್ರಿ ಆ ಒಂಬತ್ತು ಜನಾನೇ ನೆನೆಸ್ಕೊಂಡು ಕೂತಿದ್ದೆ. ಅವರ ಹೆಸರು ಗೊತ್ತಿಲ್ಲ. ಪದೇ ಪದೇ ಗಡ್ಡೆ ಬೆಳೆದು ಸುಸ್ತಾಗಿದ್ದೋರು, ಯಾರೂ ಮಾಡಿ ನೋಡದೇ ಇದ್ದಿದ್ದಕ್ಕೆ ಹೂಂ ಅಂದ್ರಲ್ಲ. ಆಮೇಲೆ ಆರು ಮಾತ್ರ ಸಾಕಾ, ಮುಂದುವರಿಸ್ಬೇಕಾ ಅಂತ ಅಮೆರಿಕಾದಲ್ಲಿ ನೂರಾರು ಜನರನ್ನ ಎರಡು ಗುಂಪು ಮಾಡಿ ವರ್ಷಗಟ್ಲೆ ನೋಡಿದ್ರು, 2000ದಲ್ಲಿ ಲ್ಯಾಮ್ ಅನ್ನೋ ಡಾಕ್ಟ್ರ ತಂಡ ಫಲಿತಾಂಶ ಹೇಳ್ತು. ಬರೀ ಆರು ಹಾಕಿಸ್ಕೊಂಡವರಲ್ಲಿ ಅರ್ಧ ಜನಕ್ಕೆ ರೋಗ ಮರುಕಳಿಸೋಕೆ ಹಿಡಿದಿದ್ದು ಸುಮಾರು 36 ತಿಂಗಳು, ಮೂರು ವರ್ಷ ಮುಂದುವರಿಸಿದ ಗುಂಪಲ್ಲಿ ಅದು ಸುಮಾರು 77 ತಿಂಗಳು. ಅಪ್ಪನ 27 ಡೋಸಿನ ಲೆಕ್ಕ ಬಂದಿದ್ದು ಅಲ್ಲಿಂದ: ಮೊದಲು ಆರು, ಆಮೇಲೆ 3, 6, 12, 18, 24, 30, 36ನೇ ತಿಂಗಳಲ್ಲಿ ಮೂರು ಮೂರು. ಮುಂದುವರಿಸಿದ ಆ ಗುಂಪಲ್ಲೂ ಪೂರ್ತಿ ಮುಗಿಸಿದವರು ನೂರಕ್ಕೆ 16 ಜನ ಮಾತ್ರ. ಯಾಕೆ ಅಂತ ಅಪ್ಪನ್ನ ನೋಡಿ ಗೊತ್ತಾಯ್ತು. ಔಷಧಿ ಒಳಗೆ ಬಿಟ್ಮೇಲೆ ಎರಡು ಗಂಟೆ ಒಂದಕ್ಕೆ ಹೋಗ್ದೆ ತಡ್ಕೊಂಡಿರ್ಬೇಕು, ಆಮೇಲೆ ಉರಿ, ಚಳಿಜ್ವರ, ರಾತ್ರಿ ಹತ್ತು ಸಲ ಎದ್ದು ಹೋಗೋದು. 14ನೇ ಡೋಸಲ್ಲಿ ಸಾಕು ಬಿಡ್ರೋ ಅಂದಿದ್ರು. ಆದ್ರೂ ಬಿಡ್ಲಿಲ್ಲ. ಅಪ್ಪಾ, ನಿಮಗೂ ಥ್ಯಾಂಕ್ಸ್.

ಮೊದಲನೇ ಡೋಸ್ ಬಂದಿದ್ದು ಸರಿಯಾಗಿ ಲಾಕ್‌ಡೌನಲ್ಲಿ, ಏಪ್ರಿಲ್ 2020. ಬಸ್ಸಿಲ್ಲ, ಟ್ರೈನಿಲ್ಲ. ನಮ್ಮೂರಿನ ಟಾಟಾ ಏಸ್ ಅಣ್ಣ ತರಕಾರಿ ಲೋಡಿನ ಜೊತೆ ಅಪ್ಪನ್ನ ಮುಂದೆ ಕೂರಿಸ್ಕೊಂಡು ರಾತ್ರಿ ಎರಡು ಗಂಟೆಗೆ ಹೊರಟು ಬೆಂಗಳೂರಿಗೆ ಬಿಡ್ತಿದ್ರು, ಆರು ವಾರ, ಒಂದ್ಸಲನೂ ತಪ್ಪಿಸ್ಲಿಲ್ಲ. ಬೆಂಗಳೂರಲ್ಲಿ ಅಪ್ಪ ಉಳ್ಕೊಳ್ತಿದ್ದ ಮನೆಯ ದಾಸರಹಳ್ಳಿ ಚಿಕ್ಕಮ್ಮನ ಬಗ್ಗೆ ಏನ್ ಬರೀಲಿ. ಜನ ಬಾಗಿಲು ತೆಗೆಯೋಕೂ ಹೆದರ್ತಿದ್ದ ಟೈಮಲ್ಲಿ, ಎರಡು ರೂಮಿನ ಮನೆ, ಇರೋದೊಂದೇ ಬಾತ್‌ರೂಮು, ಅದರಲ್ಲಿ ಆಸ್ಪತ್ರೆಯಿಂದ ಬಂದ ಪೇಶೆಂಟು. ಡೋಸ್ ಹಾಕಿಸ್ಕೊಂಡ್ಮೇಲೆ ಆರು ಗಂಟೆ ಹೊತ್ತು, ಒಂದಕ್ಕೆ ಹೋದಾಗೆಲ್ಲ ಟಾಯ್ಲೆಟ್ಟಿಗೆ ಬ್ಲೀಚ್ ಹಾಕಿ ಬಿಡ್ಬೇಕು, ಯಾಕಂದ್ರೆ ಹೊರಗೆ ಬರೋದು ಜೀವಂತ ಬ್ಯಾಕ್ಟೀರಿಯಾ. ನಾವು ಸಂಕೋಚದಿಂದ ಹೇಳಿದ್ರೆ ಚಿಕ್ಕಮ್ಮ ಮೊದಲೇ ಬ್ಲೀಚ್ ತಂದಿಟ್ಟು, ಭಾವ ಕೂತ್ಕೊಂಡೇ ಹೋಗ್ಲಿ ಅಂತ ಬಾತ್‌ರೂಮಲ್ಲಿ ಹಿಡ್ಕೊಳ್ಳೋಕೆ ಹಗ್ಗ ಕಟ್ಟಿದ್ರು.

ಡೇ ಕೇರ್ ಸಿಸ್ಟರ್‌ಗೆ, ಪೈಪ್ ಹಾಕುವಾಗ ಅಪ್ಪ ನಾಚ್ಕೊಂಡ್ರೆ ಲಾರಿ ಕಥೆ ಕೇಳ್ತಾ ಕೇಳ್ತಾ ಕೆಲಸ ಮುಗಿಸಿಬಿಡ್ತಿದ್ರಿ. ಬಿಸಿಜಿ ಸಿಗದೇ ಇದ್ದಾಗ ಐದಾರು ಕಡೆ ಫೋನ್ ಮಾಡಿ ತರಿಸಿ ಐಸ್ ಹಾಕಿದ ಥರ್ಮಾಕೋಲ್ ಡಬ್ಬೀಲಿ ಕೊಟ್ಟ ಮೆಡಿಕಲ್ ಶಾಪ್ ಅಣ್ಣಂಗೆ.

ಹಾಂ, ಆ ಕಲ್ಲು ಇನ್ನೂ ಅಲ್ಲೇ ಇದೆ, ಬೆಳೆದಿಲ್ಲ. ಕಲ್ಲಿದ್ದೋರು ಹಾಲು ಮೊಸರು ಮುಟ್ಬಾರ್ದು ಅಂತ ಯಾರೋ ಹೇಳಿ ಅಪ್ಪ ಬಿಟ್ಟಿದ್ರು. ಅದನ್ನ ಮತ್ತೆ ಶುರು ಮಾಡ್ಸಿದ್ದು ನಮ್ಮ ಯೂರಾಲಜಿಸ್ಟು. ಇಟಲಿಯ ಪಾರ್ಮಾದಲ್ಲಿ ಪದೇ ಪದೇ ಕಲ್ಲಾಗ್ತಿದ್ದ 120 ಗಂಡಸರನ್ನ ಐದು ವರ್ಷ ನೋಡಿದ್ರಂತೆ, ಕ್ಯಾಲ್ಸಿಯಂ ಕಮ್ಮಿ ಮಾಡಿದ 60 ಜನರಲ್ಲಿ 23 ಜನಕ್ಕೆ ಮತ್ತೆ ಕಲ್ಲು, ಕ್ಯಾಲ್ಸಿಯಂ ಮಾಮೂಲಾಗೇ ಇಟ್ಟು ಉಪ್ಪು ಮಾಂಸ ಕಮ್ಮಿ ಮಾಡಿದ 60ರಲ್ಲಿ 12ಕ್ಕೆ. ಹಾಗಾಗಿ ಅಪ್ಪಂಗೆ ಮೊಸರನ್ನ ವಾಪಸ್ ಬಂತು, ಉಪ್ಪಿನಕಾಯಿ ಹೋಯ್ತು. ಆ ಪಾರ್ಮಾದೋರಿಗೂ ಒಂದು ನಮಸ್ಕಾರ.

ಅಪ್ಪ ಲಾರಿ ಗೆಳೆಯರಿಗೆ ಒಂದು ಮಾತು ಬರಿ ಅಂದ್ರು, ಅವರು ಹೇಳಿದ್ದನ್ನೇ ಹಾಕ್ತಿದೀನಿ: "ಬೀಡಿ ಹೊಗೆ ಎದೆಗೆ ಮಾತ್ರ ಅನ್ಕೊಂಡಿದ್ದೆ ಕಣ್ರೋ, ಅದರ ವಿಷ ಉಚ್ಚೇಲಿ ಇಳಿದು ಅಲ್ಲಿ ಕೂತಿರುತ್ತಂತೆ. ಒಂದೇ ಒಂದ್ಸಲ ಕೆಂಪಗೆ ಬಂದ್ರೂ ಲೋಡ್ ಇಳಿಸಿ ಮೊದ್ಲು ಡಾಕ್ಟ್ರ ಹತ್ರ ಹೋಗಿ."

ಟಾಟಾ ಏಸ್ ಅಣ್ಣ, ಆರು ವಾರದ ಡೀಸೆಲ್ ದುಡ್ಡು ನೀವು ಇವತ್ತಿನವರೆಗೂ ಇಸ್ಕೊಂಡಿಲ್ಲ. ಭಾನುವಾರ ಅಪ್ಪಾನೇ ನಿಮ್ಮನೆಗೆ ಬರ್ತಿದಾರೆ, ಈ ಸಲ ಬೇಡ ಅನ್ಬೇಡಿ.