ವೇಷ ಕಟ್ಟುವ ದನಿ

ಕಳೆದ ತಿಂಗಳು ಸಂಘದ ಹತ್ತು-ಹನ್ನೆರಡು ಕುಟುಂಬಗಳು ಡಾಡ್ಜರ್ಸ್ ಕ್ರೀಡಾಂಗಣಕ್ಕೆ ಹೋಗಿದ್ದೆವು. ಇಷ್ಟು ವರ್ಷ ಲಾಸ್ ಏಂಜಲೀಸಿನಲ್ಲಿದ್ದರೂ ಬೇಸ್‌ಬಾಲ್ ನನ್ನ ತಲೆಗೆ ಹತ್ತಿಲ್ಲ. ನಾನು ಕಾಯುವುದು ಆಟ ಮುಗಿಯುವುದನ್ನು. ಊರಿನ ತಂಡ ಗೆದ್ದರೆ 'ಐ ಲವ್ ಎಲ್.ಎ.' ಮೊಳಗುತ್ತದೆ. 1983ರ ಈ ಹಾಡನ್ನು ಬರೆದು, ರಾಗ ಹಾಕಿ, ಹಾಡಿದವರು ರ‍್ಯಾಂಡಿ ನ್ಯೂಮನ್. ಬಿಸಿಲನ್ನೂ ಬೀದಿಗಳನ್ನೂ ಹೊಗಳುವ ಹಾಡಿನ ನಡುವೆ ಮೊಣಕಾಲೂರಿದ ನಿರ್ಗತಿಕನೊಬ್ಬ ಬಂದು ಹೋಗುತ್ತಾನೆ. ಗೆದ್ದ ಸಡಗರದಲ್ಲಿ ಅವನು ಯಾರ ಕಿವಿಗೂ ಬೀಳುವುದಿಲ್ಲ. ನ್ಯೂಮನ್‌ಗೆ ಬೇಕಿದ್ದುದೂ ಅದೇ ಎಂಬುದು ನನ್ನ ಗುಮಾನಿ.

ಸಿನಿಮಾ ಸಂಗೀತ ಅವರ ಮನೆತನದ ಕಸುಬು. ಆಲ್‌ಫ್ರೆಡ್, ಲಯೊನೆಲ್, ಎಮಿಲ್ ಎಂಬ ಮೂವರು ದೊಡ್ಡಪ್ಪ-ಚಿಕ್ಕಪ್ಪಂದಿರೂ ಹಾಲಿವುಡ್ಡಿನ ಸಂಗೀತಗಾರರು. ಬೆಂಗಳೂರಿನ ಇಂಗ್ಲಿಷ್ ಚಿತ್ರಮಂದಿರಗಳಲ್ಲಿ ಫಾಕ್ಸ್ ಕಂಪನಿಯ ಲಾಂಛನದೊಂದಿಗೆ ಕೇಳುತ್ತಿದ್ದೆವಲ್ಲ, ಆ ಕಹಳೆ ಆಲ್‌ಫ್ರೆಡ್ ಅವರದು. ಒಂಬತ್ತು ಆಸ್ಕರ್ ಗೆದ್ದವರು. 1943ರಲ್ಲಿ ಹುಟ್ಟಿದ ರ‍್ಯಾಂಡಿ ಮಾತ್ರ ಹರೆಯದಲ್ಲೇ ಬೇರೆಯವರಿಗೆ ಹಾಡು ಬರೆದುಕೊಡತೊಡಗಿ, 1968ರಲ್ಲಿ ತಮ್ಮದೇ ಆಲ್ಬಮ್ ತಂದರು. ಬಾಲ್ಯದ ಬೇಸಿಗೆಗಳನ್ನು ನ್ಯೂ ಆರ್ಲಿಯನ್ಸಿನಲ್ಲಿ ಕಳೆದವರು. ಅವರ ಪಿಯಾನೋದ ಓಲಾಡುವ ನಡೆ ಅಲ್ಲಿಯದು. ಕಂಠ ಮಾತ್ರ ಎಲ್ಲಿಯದೋ: ದೊರಗು, ನಿದ್ದೆಗಣ್ಣಿನದು. ಯಾವ ನಾಯಕನಟನೂ ತನ್ನ ಹಿನ್ನೆಲೆಗೆ ಒಪ್ಪುವಂಥದ್ದಲ್ಲ.

ಅವರ ಹಾಡಿನಲ್ಲಿ 'ನಾನು' ಎಂದರೆ ಬಹುಪಾಲು ಅವರಲ್ಲ. ಯಕ್ಷಗಾನದಲ್ಲಿ ರಕ್ಕಸನ ವೇಷ ಕಟ್ಟಿದವನನ್ನೇ ರಕ್ಕಸನೆಂದು ಬೈಯುವವರಿಲ್ಲ. ಹಾಡುಗಾರನಿಗೆ ಆ ರಿಯಾಯಿತಿ ಸಿಗದು. 1977ರಲ್ಲಿ ಕುಳ್ಳರನ್ನು ಹಂಗಿಸುವ ಮೂರ್ಖನೊಬ್ಬನ ಬಾಯಲ್ಲಿ ಅವರು ಹಾಡು ಕಟ್ಟಿದರು. ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿತು, ಕೇಳುಗರು ಮೂರ್ಖನನ್ನು ಬಿಟ್ಟು ನ್ಯೂಮನ್‌ರ ಮೇಲೆ ಮುನಿಸಿಕೊಂಡರು. ಸಿನಿಮಾದಲ್ಲಿ ಈ ಪೇಚಿಲ್ಲ. ಅಲ್ಲಿ ಪಾತ್ರ ಕಣ್ಣೆದುರೇ ಇರುತ್ತದೆ, ಹಾಡು ಯಾರದೆಂದು ಮಕ್ಕಳಿಗೂ ಗೊತ್ತು. 1981ರ 'ರ‍್ಯಾಗ್‌ಟೈಮ್', 1984ರ 'ದಿ ನ್ಯಾಚುರಲ್' ದಾಟಿ 1995ರಲ್ಲಿ 'ಟಾಯ್ ಸ್ಟೋರಿ'ಯ ಗೊಂಬೆಗಳ ಬಳಿ ಬಂದಾಗ ಆ ದೊರಗು ದನಿಗೆ ತಕ್ಕ ಜಾಗ ಸಿಕ್ಕಿತು.

ನಮ್ಮಲ್ಲಿ ಸಾಹಿತ್ಯ ಒಬ್ಬರದು, ಸಂಗೀತ ಇನ್ನೊಬ್ಬರದು, ಕಂಠ ಮತ್ತೊಬ್ಬರದು. 1987ರ 'ಪ್ರೇಮಲೋಕ'ದಲ್ಲಿ ಹಂಸಲೇಖ ಮೊದಲೆರಡನ್ನು ಒಂದೇ ಕೈಗೆ ತೆಗೆದುಕೊಂಡದ್ದೇ ದೊಡ್ಡ ಸುದ್ದಿಯಾಗಿತ್ತು. ನ್ಯೂಮನ್ ಮೂರನ್ನೂ ಹೊತ್ತರು, ಪ್ರಶಸ್ತಿ ಮಾತ್ರ ಸತಾಯಿಸಿತು. ಹದಿನೈದು ಬಾರಿ ಆಸ್ಕರ್ ನಾಮನಿರ್ದೇಶನ, ಹದಿನೈದು ಬಾರಿಯೂ ಬರಿಗೈ. 2002ರಲ್ಲಿ ಕೊನೆಗೂ ಗೆದ್ದಾಗ ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿದರೆ, ನಿಮ್ಮ ಕನಿಕರ ನನಗೆ ಬೇಡ ಎಂದು ಬಿಗುವಾಗಿ ಹೇಳಿ ನಗಿಸಿದರು. 2011ರಲ್ಲಿ ಇನ್ನೊಂದು ಬಂತು.

ನನ್ನ ಮಟ್ಟಿಗೆ ಅವರ ಅತ್ಯುತ್ತಮ ಚಿತ್ರಗೀತೆ ಅವರು ಹಾಡದೆ ಬಿಟ್ಟದ್ದು. 1999ರ ಎರಡನೆಯ 'ಟಾಯ್ ಸ್ಟೋರಿ'ಯಲ್ಲಿ, ಬೆಳೆದು ದೊಡ್ಡವಳಾದ ಹುಡುಗಿ ಮರೆತುಬಿಟ್ಟ ಗೊಂಬೆಯೊಂದು ತನ್ನ ಕಥೆ ಹೇಳಿಕೊಳ್ಳುತ್ತದೆ. ಬರೆದವರು ನ್ಯೂಮನ್, ಹಾಡಿದವರು ಸಾರಾ ಮೆಕ್ಲಾಕ್ಲನ್. ಮಗಳು ಕಾಲೇಜಿಗೆ ಹೋದ ಮೇಲೆ ಅದನ್ನು ಪೂರ್ತಿ ಕೇಳಲು ನನ್ನಿಂದಾಗಿಲ್ಲ. ಅವಳ ಗೊಂಬೆಗಳ ಪೆಟ್ಟಿಗೆ ಗ್ಯಾರೇಜಿನಲ್ಲಿದೆ. ಮುಂದಿನ ತಿಂಗಳು ಸಂಘದ ಹಳೆ ಆಟಿಕೆಗಳ ಸಂಗ್ರಹಕ್ಕೆ ಕೊಡೋಣವೆಂದರೆ ಮನೆಯಲ್ಲಿ ಒಪ್ಪುತ್ತಿಲ್ಲ. ನಾನೂ ಒತ್ತಾಯಿಸಿಲ್ಲ.