ಹಾಲ್ ಟಿಕೆಟ್ ಇಲ್ಲದ ಕಡೆ ಕೋಚ್ ಏನು ಮಾಡಬೇಕು?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಕ್ರೀಡಾ ಪುಟದಲ್ಲಿ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಒಂದು ಬರಹ ಬಂದಿತ್ತು. ಕಾಲೇಜು ತಂಡದ ಕೋಚ್‌ಗಳನ್ನು ಅಲ್ಲಿನ ವೃತ್ತಿಪರ ತಂಡಗಳು ಕರೆದುಕೊಳ್ಳಲೇಬಾರದು, ಕರೆದುಕೊಂಡವರೆಲ್ಲ ಕೈ ಸುಟ್ಟುಕೊಂಡಿದ್ದಾರೆ ಎಂದು ಲೇಖಕರು ತೀರ್ಪು ಕೊಟ್ಟುಬಿಟ್ಟಿದ್ದಾರೆ. ಅರ್ಧ ಒಪ್ಪುತ್ತೇನೆ. ಇನ್ನರ್ಧಕ್ಕೆ ನನ್ನ ತಕರಾರಿದೆ.

ಹಾಸನದಲ್ಲಿ ಕೂತವನಿಗೆ ಆ ಆಟದ ಉಸಾಬರಿ ಯಾಕೆ ಅಂತ ಯಾರಾದರೂ ಕೇಳಬಹುದು. ಮಗಳ ಸಂಸಾರ ಇರುವುದು ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್‌ನಲ್ಲಿ. ಬಾಣಂತನಕ್ಕೆ ಅಂತ ಗೌರಿ ಗಣೇಶ ಹಬ್ಬ ಮುಗಿಸಿ ಹೋದ ನಾವು ವಾಪಸ್ ಬಂದಿದ್ದು ಸಂಕ್ರಾಂತಿ ಹೊತ್ತಿಗೆ. ಆ ಆಟದ ಸೀಸನ್ನೂ ಹೆಚ್ಚುಕಡಿಮೆ ಅಷ್ಟೇ. ನನ್ನಾಕೆ ಒಳಗೆ ಮಗುವಿಗೆ ಎಣ್ಣೆ ತೀಡುತ್ತಿದ್ದರೆ ನಾನು ಅಳಿಯನ ಜೊತೆ ಟಿ.ವಿ. ಮುಂದೆ. ಶನಿವಾರ ಕಾಲೇಜು ಮ್ಯಾಚು, ಭಾನುವಾರ ವೃತ್ತಿಪರರ ಎನ್‌ಎಫ್‌ಎಲ್ ಮ್ಯಾಚು. ಈಗಲೂ ಸೋಮವಾರ ಬೆಳಿಗ್ಗೆ ಎದ್ದ ತಕ್ಷಣ ಸ್ಕೋರು ನೋಡುವ ಚಟ ಬಿಟ್ಟಿಲ್ಲ.

ಅಲ್ಲಿನ ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1 ಲಕ್ಷ 7 ಸಾವಿರಕ್ಕೂ ಜಾಸ್ತಿ ಜನ ಕೂರಬಹುದು. ಕಾಲೇಜು ಹುಡುಗರ ಆಟಕ್ಕೆ! ನಾನೋ, ಕಬಡ್ಡಿಗೆ ಒಂದು ಮ್ಯಾಟ್ ಕೊಡಿಸಿ ಅಂತ ಅರ್ಜಿ ಹಾಕಿ ಹಾಕಿ ಕೊನೆಗೆ ಮಣ್ಣಿನ ಅಂಕಣದಲ್ಲೇ ರಿಟೈರ್ ಆದವನು. ಅಲ್ಲಿ ಕಾಲೇಜು ಕೋಚ್ ಅಂದರೆ ಸಣ್ಣ ಆಸಾಮಿ ಅಲ್ಲ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ನೌಕರರ ಪೈಕಿ ಅತಿ ಹೆಚ್ಚು ಸಂಬಳ ಅವರದೇ. ಆದ್ದರಿಂದ ವೃತ್ತಿಪರ ತಂಡಗಳ ಓನರ್‌ಗಳ ಕಣ್ಣು ಅವರ ಮೇಲೆ ಬೀಳುವುದು ಸಹಜ.

ಆದರೆ ಕಾಲೇಜು ಕೋಚ್‌ನ ಬಲ ಎಲ್ಲಿರುತ್ತದೆ ಅಂತ ನಮ್ಮಂಥವರಿಗೆ ಗೊತ್ತು. ನಾನು ಈ ಜಿಲ್ಲೆಯ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದೆ. ಚಳಿಗಾಲದ ಬೆಳಿಗ್ಗೆ, ಮಂಜು ಇನ್ನೂ ಇಳಿದಿರುವುದಿಲ್ಲ, ಆಗ ಸೀಟಿ ಊದಿದರೆ ಹಾಸ್ಟೆಲ್ ಹುಡುಗರು ಕಂಬಳಿ ಎಸೆದು ಗ್ರೌಂಡಿಗೆ ಓಡಿ ಬರುತ್ತಿದ್ದರು. ನನ್ನ ಮೇಲಿನ ಪ್ರೀತಿಗೆ ಬರುತ್ತಿದ್ದರು ಅಂದುಕೊಳ್ಳಬೇಡಿ. ಅಟೆಂಡೆನ್ಸ್ ಕಮ್ಮಿಯಾದರೆ ಹಾಲ್ ಟಿಕೆಟ್‌ಗೆ ಪ್ರಿನ್ಸಿಪಾಲರ ಹತ್ತಿರ ಮಾತಾಡುವವನು ನಾನು. ಯೂನಿವರ್ಸಿಟಿ ಟೀಮ್‌ಗೆ ಹೆಸರು ಕಳಿಸುವವನು ನಾನು. ಯಾರು ಆಡಬೇಕು, ಯಾರು ಬೆಂಚಲ್ಲಿ ಕೂರಬೇಕು, ಎಲ್ಲ ನನ್ನ ಕೈಯಲ್ಲಿ.

ರಿಟೈರ್ ಆದ ಮೇಲೆ ಅರಸೀಕೆರೆ ಕಡೆಯ ಒಂದು ಕ್ಲಬ್ಬಿನವರು ತಮ್ಮ ಕಬಡ್ಡಿ ಟೀಮ್ ನೋಡಿಕೊಳ್ಳಿ ಅಂತ ಕರೆದರು. ಟೀಮಲ್ಲಿ ಲಾರಿ ಡ್ರೈವರ್, ಲೈನ್‌ಮ್ಯಾನ್, ಕೋಳಿ ಅಂಗಡಿಯವನು. ಎಲ್ಲರೂ ಮಕ್ಕಳೊಂದಿಗರು. ಅವರಲ್ಲಿ ಒಬ್ಬ ರೈಡರ್, ಊರೂರಲ್ಲಿ ಹೆಸರು ಮಾಡಿದವನು. ಟೂರ್ನಿಗೆ ಅವನಿಗೆ ಸಿಗುವ ದುಡ್ಡು ನನಗೆ ಕೊಡುವುದಕ್ಕಿಂತ ಜಾಸ್ತಿ. ನಾನು ಸೀಟಿ ಊದಿದರೆ ತಿರುಗಿಯೂ ನೋಡಲಿಲ್ಲ. ‘ನಾನು ಯಾವಾಗಲೂ ಬಲಗಡೆಯಿಂದಲೇ ಹೋಗೋದು ಸಾರ್’ ಅಂದ, ಅಷ್ಟೇ. ಅವನನ್ನು ಹೆದರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಆಮೇಲೆ ಒಂದು ಸಂಜೆ ಎದುರು ಟೀಮಿನ ಕಾರ್ನರ್‌ನವನು ಕಾಲು ಹಿಡಿಯುವ ಮುಂಚೆ ಎಡ ಭುಜ ಹೇಗೆ ಇಳಿಸುತ್ತಾನೆ ಅಂತ ತೋರಿಸಿದೆ. ‘ಭುಜ ಇಳಿದ ಕೂಡಲೇ ನೀನು ಕಾಲು ಎಳೆದುಕೊ’ ಅಂದೆ. ಮುಂದಿನ ಮ್ಯಾಚಲ್ಲಿ ಅದರಿಂದ ಅವನಿಗೆ ಪಾಯಿಂಟ್ ಬಂತು. ಆಮೇಲಿಂದ ಅವನೇ ಬಂದು ಕೇಳತೊಡಗಿದ. ದುಡಿಯುವ ಆಟಗಾರ ಕೋಚ್ ಮಾತು ಕೇಳುವುದು ಅವನಿಗೆ ಪಾಯಿಂಟ್ ಬಂದಾಗ ಮಾತ್ರ.

ಅಮೆರಿಕದಲ್ಲಿ ಎಡವಿದವರ ಕತೆಯೂ ಹೆಚ್ಚುಕಡಿಮೆ ಇದೇ. ಕಾಲೇಜು ಕೋಚ್ ಊರೂರು ಸುತ್ತಿ, ಮನೆಗೆ ಹೋಗಿ, ತಾಯಿ ಕೊಟ್ಟ ಕಾಫಿ ಕುಡಿದು ಒಳ್ಳೆ ಹುಡುಗರನ್ನು ಒಪ್ಪಿಸಿ ತರುತ್ತಾರೆ. ದೊಡ್ಡ ಕಾಲೇಜಿಗೆ ದೊಡ್ಡ ಹುಡುಗರೇ ಬರುತ್ತಾರೆ. ಅರ್ಧಕ್ಕರ್ಧ ಮ್ಯಾಚು ಅಲ್ಲೇ ಗೆದ್ದ ಹಾಗೆ. ಎನ್‌ಎಫ್‌ಎಲ್‌ನಲ್ಲಿ ಆ ಆಟ ನಡೆಯುವುದಿಲ್ಲ. 32 ತಂಡಗಳು. ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಹಿಂದಿನ ವರ್ಷ ಕಳಪೆ ಆಡಿದ ತಂಡಕ್ಕೇ ಮೊದಲ ಸರದಿ. ಐಪಿಎಲ್ ಹರಾಜಿನಲ್ಲಿ ಪರ್ಸ್ ಮಿತಿ ಇರುವ ಹಾಗೆ ಅಲ್ಲೂ ಸಂಬಳದ ಮಿತಿ ಇದೆ, ಎಲ್ಲರಿಗೂ ಒಂದೇ. ಹಾಗಾಗಿ ಯಾವ ಭಾನುವಾರವೂ ಸುಲಭದ ಮ್ಯಾಚ್ ಸಿಗುವುದಿಲ್ಲ.

ಲೂ ಹೋಲ್ಟ್ಜ್ 1976ರಲ್ಲಿ ಕಾಲೇಜಿನಿಂದ ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಬಂದರು. ಗೆದ್ದಾಗ ಹಾಡಲಿ ಅಂತ ತಾವೇ ಒಂದು ಹಾಡು ಬರೆದು ಆಟಗಾರರ ಕೈಲಿ ಹಾಡಿಸಿದರು. ಮೀಸೆ ಬಂದ ಗಂಡಸರು, ಪಾಪ! 13 ಪಂದ್ಯಗಳಲ್ಲಿ 3 ಗೆಲುವು, ಸೀಸನ್ ಮುಗಿಯುವ ಮೊದಲೇ ರಾಜೀನಾಮೆ. ಅದೇ ಹೋಲ್ಟ್ಜ್ ಮುಂದೆ 1988ರಲ್ಲಿ ನೋಟ್ರ್ ಡೇಮ್ ವಿಶ್ವವಿದ್ಯಾಲಯವನ್ನು ರಾಷ್ಟ್ರೀಯ ಚಾಂಪಿಯನ್ ಮಾಡಿದರು. ಸ್ಟೀವ್ ಸ್ಪರಿಯರ್ 2002ರಲ್ಲಿ 5 ವರ್ಷಕ್ಕೆ 25 ಮಿಲಿಯನ್ ಡಾಲರ್ ಒಪ್ಪಂದದ ಮೇಲೆ ವಾಷಿಂಗ್ಟನ್ ತಂಡಕ್ಕೆ ಬಂದರು. ಬಂದವರು ಫ್ಲಾರಿಡಾ ಕಾಲೇಜಿನ ತಮ್ಮ ಹಳೇ ಶಿಷ್ಯರನ್ನೇ ಒಬ್ಬೊಬ್ಬರಾಗಿ ಕರೆಸಿಕೊಂಡರು. ಎರಡು ವರ್ಷದಲ್ಲಿ 12 ಗೆಲುವು, 20 ಸೋಲು. ಅಲ್ಲಿಗೆ ಮುಗಿಯಿತು. ಅರ್ಬನ್ ಮೇಯರ್ ಕಾಲೇಜಿನಲ್ಲಿ ಮೂರು ಸಲ ಚಾಂಪಿಯನ್. 2021ರಲ್ಲಿ ಅವರು ಕೋಚ್ ಆಗಿದ್ದ ಎನ್‌ಎಫ್‌ಎಲ್‌ನ ಜಾಕ್ಸನ್‌ವಿಲ್ ತಂಡ ಒಂದು ಮ್ಯಾಚ್ ಸೋತ ರಾತ್ರಿ ಆಟಗಾರರ ಜೊತೆ ವಿಮಾನ ಹತ್ತದೆ ಅವರು ಒಹಾಯೊದಲ್ಲೇ ಉಳಿದರು. ಒಂದು ಸೀಸನ್ನೂ ಪೂರೈಸಲಿಲ್ಲ. 2 ಗೆಲುವು, 11 ಸೋಲು, ಮನೆಗೆ.

ಬಾಬಿ ಪೆಟ್ರಿನೊ ವಿಚಾರದಲ್ಲಿ ಮಾತ್ರ ನನಗೆ ಸ್ವಲ್ಪ ಕನಿಕರ, ಜಾಸ್ತಿ ಸಿಟ್ಟು. ಅಟ್ಲಾಂಟಾ ತಂಡ 2007ರಲ್ಲಿ ಅವರನ್ನು ಕರೆತಂದಾಗ ಮೈಕಲ್ ವಿಕ್ ಎಂಬ ಆಟಗಾರನನ್ನು ನಂಬಿಕೊಂಡಿತ್ತು. ವಿಕ್ ಜೈಲಿಗೆ ಹೋದ. ಅದು ಕೋಚ್ ತಪ್ಪಲ್ಲ. ಆದರೆ ಇನ್ನೂ ಮೂರು ಪಂದ್ಯ ಬಾಕಿ ಇರುವಾಗಲೇ ಆಟಗಾರರ ಲಾಕರ್‌ಗಳಲ್ಲಿ ನಾಲ್ಕು ಸಾಲಿನ ಚೀಟಿ ಇಟ್ಟು ಕಾಲೇಜಿಗೆ ವಾಪಸ್ ಹೊರಟುಬಿಟ್ಟರು. ಮುಖ ತೋರಿಸಿ ಹೇಳಬಹುದಿತ್ತು ಅಲ್ವಾ?

ಎಲ್ಲರಿಗಿಂತ ದೊಡ್ಡ ಹೆಸರು ನಿಕ್ ಸೇಬನ್. 2005 ಮತ್ತು 2006ರಲ್ಲಿ ಮಯಾಮಿ ಡಾಲ್ಫಿನ್ಸ್ ಕೋಚ್, 15 ಗೆಲುವು, 17 ಸೋಲು. ಅಲಬಾಮಾಗೆ ಹೋಗುವುದಿಲ್ಲ ಅಂತ ಪತ್ರಕರ್ತರ ಮುಂದೆ ಹೇಳಿದವರು ಕೆಲವೇ ದಿನಗಳಲ್ಲಿ ಅಲಬಾಮಾ ವಿಶ್ವವಿದ್ಯಾಲಯಕ್ಕೇ ಹೋದರು. ಅಲ್ಲಿ ಆರು ಸಲ ಚಾಂಪಿಯನ್. ಅವರಿಗೆ ಆಟ ಗೊತ್ತಿರಲಿಲ್ಲವೇ? ವೃತ್ತಿಪರ ತಂಡಗಳಲ್ಲಿ ಸಹಾಯಕ ಕೋಚ್ ಆಗಿ ವರ್ಷಗಟ್ಟಲೆ ದುಡಿದವರೇ. 2006ರಲ್ಲಿ ಡ್ರೂ ಬ್ರೀಸ್ ಎಂಬ, ಚೆಂಡು ಎಸೆದು ಇಡೀ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನನ್ನು ತರುವ ಅವಕಾಶ ಇತ್ತು. ಭುಜಕ್ಕೆ ಆಪರೇಷನ್ ಆಗಿದೆ, ಬೇಡ ಅಂದರು ತಂಡದ ಡಾಕ್ಟರ್‌ಗಳು. ಬ್ರೀಸ್ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಆ ತಂಡಕ್ಕೆ 2009ರ ಸೀಸನ್ನಿನ ಸೂಪರ್ ಬೌಲ್, ಅಂದರೆ ಎನ್‌ಎಫ್‌ಎಲ್ ಫೈನಲ್, ಗೆದ್ದುಕೊಟ್ಟ. ಕಾಲೇಜಿನಲ್ಲಾಗಿದ್ದರೆ ಸೇಬನ್ ಮಾತೇ ಕೊನೆ ಮಾತು. ಮಯಾಮಿಯಲ್ಲಿ ಡಾಕ್ಟರ್, ಮ್ಯಾನೇಜರ್, ಓನರ್, ಏಜೆಂಟ್ ಎಲ್ಲರದೂ ಒಂದೊಂದು ಮಾತು. ಸೇಬನ್‌ರನ್ನು ಅಯೋಗ್ಯ ಅಂದರೆ ನಾನು ಒಪ್ಪುವುದಿಲ್ಲ. ತಮ್ಮ ಬಲ ಎಲ್ಲಿ ನಡೆಯುತ್ತದೋ ಅಲ್ಲಿಗೆ ಹೋದರು.

ಈಗ ನಿಮ್ಮ ಲೇಖಕರು ಹೇಳದೇ ಬಿಟ್ಟ ಪಟ್ಟಿ. ಬಿಲ್ ವಾಲ್ಶ್ ಸ್ಟ್ಯಾನ್‌ಫರ್ಡ್ ಕಾಲೇಜಿನಿಂದ 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಬಂದು ಮೊದಲ ವರ್ಷ 14 ಪಂದ್ಯ ಸೋತರು. ಓನರ್ ತಾಳ್ಮೆ ಇಟ್ಟ. ಆಮೇಲೆ ಮೂರು ಸೂಪರ್ ಬೌಲ್. ಪೀಟ್ ಕ್ಯಾರಲ್ 2010ರಲ್ಲಿ ಕಾಲೇಜಿನಿಂದ ಸಿಯಾಟಲ್‌ಗೆ ಬಂದು 2014ರ ಫೆಬ್ರವರಿಯಲ್ಲಿ ಕಪ್ ಎತ್ತಿದರು. ಕಾಲೇಜಿಗೆ ಹೋಗುವ ಮೊದಲೇ ಎರಡು ವೃತ್ತಿಪರ ತಂಡಗಳಿಂದ ಹೊರಗೆ ಹಾಕಿಸಿಕೊಂಡಿದ್ದರು, ಆ ಪೆಟ್ಟು ಅವರಿಗೆ ಪಾಠ ಕಲಿಸಿತ್ತು ಅಂತ ನನ್ನ ಅನಿಸಿಕೆ.

ಜಿಮ್ ಹಾರ್ಬಾ ಅವರನ್ನಂತೂ ಬಿಡುವ ಹಾಗೇ ಇಲ್ಲ. ಸ್ವತಃ ಎನ್‌ಎಫ್‌ಎಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ ಬಹಳ ವರ್ಷ ಆಡಿದವರು. ಹಿಂದಿನ ವರ್ಷ 1 ಗೆದ್ದು 11 ಸೋತಿದ್ದ ಸ್ಟ್ಯಾನ್‌ಫರ್ಡ್ ತಂಡವನ್ನು 2007ರಲ್ಲಿ ಕೈಗೆ ತೆಗೆದುಕೊಂಡರು, 2010ಕ್ಕೆ 12 ಗೆಲುವು, 1 ಸೋಲು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದಾಗ ಅಲ್ಲಿದ್ದ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್. ಇವನು ಕೆಲಸಕ್ಕೆ ಬಾರದವನು ಅಂತ ಊರೇ ಬೈಯುತ್ತಿತ್ತು. ಹಾರ್ಬಾ ಅವನನ್ನೇ ಇಟ್ಟುಕೊಂಡು ಆ ವರ್ಷ 13 ಪಂದ್ಯ ಗೆದ್ದರು. ನನ್ನ ಕಣ್ಣಿಗೆ ಬೀಳುವುದು ಇದೇ. ತಾನು ಆರಿಸಿ ತಂದ ಹುಡುಗನಲ್ಲ, ಬೇರೆಯವರು ಬಿಟ್ಟುಹೋದ ಆಟಗಾರ. ಅವನಿಂದ ಆಟ ತೆಗೆಸಿದರು. ಮುಂದೆ ಮಿಷಿಗನ್ ಕಾಲೇಜಿಗೆ ಹೋಗಿ 2023ರ ಸೀಸನ್ನಿನಲ್ಲಿ ಚಾಂಪಿಯನ್ ಆದರು. 2024ರಲ್ಲಿ ಲಾಸ್ ಏಂಜಲೀಸ್ ಚಾರ್ಜರ್ಸ್‌ಗೆ ಹೋದ ಮೊದಲ ವರ್ಷವೇ 11 ಗೆಲುವು. ಅದರ ಹಿಂದಿನ ವರ್ಷ ಆ ತಂಡ ಗೆದ್ದಿದ್ದು 5.

ಜಿಮ್ಮಿ ಜಾನ್ಸನ್ ಹೆಸರು ಹೇಳಿ ಕೆಲವರು ವಾದ ಮಾಡುತ್ತಾರೆ. ಕಾಲೇಜಿನಿಂದ ನೇರ ಡಲ್ಲಾಸ್‌ಗೆ ಬಂದು, 1989ರಲ್ಲಿ 15 ಸೋತು, ಆಮೇಲೆ ಎರಡು ಸೂಪರ್ ಬೌಲ್ ಗೆದ್ದವರು. ನಿಜ. ಆದರೆ ಅವರು ಮೊದಲ ವರ್ಷವೇ ತಂಡದ ದೊಡ್ಡ ತಾರೆ ಹರ್ಷೆಲ್ ವಾಕರ್‌ನನ್ನು ಮಿನ್ನೆಸೋಟಾಗೆ ಕೊಟ್ಟು, ಬದಲಿಗೆ ಆಟಗಾರರನ್ನೂ ಡ್ರಾಫ್ಟ್ ಸರದಿಗಳನ್ನೂ ರಾಶಿ ಹಾಕಿಕೊಂಡರು. ಆರಿಸುವ ಅಧಿಕಾರ ಅವರ ಕೈ ಬಿಡಲಿಲ್ಲ. ಸಂಬಳದ ಮಿತಿ ಬಂದಿದ್ದು 1994ರಲ್ಲಿ. ಆಮೇಲೆ ಆ ಲೆಕ್ಕವೇ ಬೇರೆ. ಕಾಲೇಜಿನಿಂದಲೇ ಬಂದಿದ್ದ ಚಿಪ್ ಕೆಲ್ಲಿ 2015ರಲ್ಲಿ ಫಿಲಡೆಲ್ಫಿಯಾದಲ್ಲಿ ಅದೇ ಅಧಿಕಾರ ಪಡೆದು ಟೀಮನ್ನು ಬುಡಮೇಲು ಮಾಡಿದರು. ಸೀಸನ್ನಿನ ಕೊನೆ ಪಂದ್ಯಕ್ಕೆ ಮೊದಲೇ ಕೆಲಸ ಹೋಯಿತು.

ನನ್ನ ವಾದಕ್ಕೆ ತೊಡಕಾಗುವವರು ಮ್ಯಾಟ್ ರೂಲ್. ತಮ್ಮ ಮೊದಲ ವರ್ಷ 1 ಗೆದ್ದು 11 ಸೋತಿದ್ದ ಬೇಲರ್ ಕಾಲೇಜು ತಂಡ ಮುಂದಿನ ಎರಡೇ ವರ್ಷದಲ್ಲಿ 11 ಗೆಲ್ಲುವಂತೆ ಮಾಡಿದ್ದರು. ಇಂಥವರೂ ಕ್ಯಾರೊಲಿನಾದಲ್ಲಿ ನಿಲ್ಲಲಿಲ್ಲ. ಏಳು ವರ್ಷದ ಒಪ್ಪಂದ, ಮೂರನೇ ಸೀಸನ್ನಿನ ನಡುವೆಯೇ ಕಳಿಸಿದರು. ಅವರಿಗೆ ಸರಿಯಾದ ಕ್ವಾರ್ಟರ್‌ಬ್ಯಾಕ್ ಸಿಗಲೇ ಇಲ್ಲ ಅನ್ನಿ. ಆದರೂ ಕೋಚ್ ಒಳ್ಳೆಯವನಾದರೆ ಸಾಕು ಅಂತ ನಾನು ಬರೆದುಕೊಡಲಾರೆ.

ಇನ್ನೊಂದು ವಿಷಯ ಲೇಖಕರು ಗಮನಿಸಿದಂತಿಲ್ಲ. ಕಾಲೇಜೂ ಈಗ ಹಳೇ ಕಾಲೇಜಲ್ಲ. 2021ರಿಂದ ಹುಡುಗರು ತಮ್ಮ ಹೆಸರು, ಮುಖವನ್ನು ಜಾಹೀರಾತಿಗೆ ಕೊಟ್ಟು ದುಡ್ಡು ಮಾಡಬಹುದು. 2025ರಿಂದ ಕಾಲೇಜುಗಳೇ ನೇರ ಹಣ ಕೊಡಬಹುದು. ಕೋಚ್ ಜಾಸ್ತಿ ಗದರಿದರೆ ಹುಡುಗ ಮುಂದಿನ ವರ್ಷ ಬೇರೆ ಕಾಲೇಜಿಗೆ ಹೋಗುತ್ತಾನೆ. ಹಾಲ್ ಟಿಕೆಟ್ ಹೆದರಿಕೆ ಅಲ್ಲೂ ಮುಗಿಯಿತು. ಇಂಥ ಕಾಲೇಜಲ್ಲಿ ಪಳಗಿದ ಕೋಚ್ ನಾಳೆ ವೃತ್ತಿಪರ ತಂಡಕ್ಕೆ ಹೋದರೆ ಸ್ಪರಿಯರ್‌ನಷ್ಟು ತಬ್ಬಿಬ್ಬಾಗುವುದಿಲ್ಲ. ಹಾಗಂತ ಎರಡೂ ಒಂದೇ ಆಗಿಬಿಟ್ಟಿಲ್ಲ. ಆರು ಸೂಪರ್ ಬೌಲ್ ಗೆದ್ದ ಬಿಲ್ ಬೆಲಿಚಿಕ್ ಉಲ್ಟಾ ದಾರಿಯಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಕ್ಕೆ ಹೋದರು. 2025ರ ಮೊದಲ ಸೀಸನ್ನಿನಲ್ಲಿ 4 ಗೆಲುವು, 8 ಸೋಲು.

ಆದ್ದರಿಂದ ಕಾಲೇಜು ಕೋಚ್‌ನನ್ನು ಕರೆಯಲಿ ಅಂತಲೇ ನಾನು ಹೇಳುವುದು. ಎಷ್ಟು ಕಪ್ ಗೆದ್ದಿದ್ದಾನೆ ಅಂತ ಸುಮ್ನೆ ಎಣಿಸುತ್ತಾ ಕೂರಬೇಡಿ. ತಾನು ಆರಿಸದ ಆಟಗಾರರ ಜೊತೆ, ತನಗಿಂತ ಬಲವಾದ ತಂಡದ ಎದುರು ಏನು ಮಾಡಿದ್ದಾನೆ ಅಂತ ವಿಚಾರಿಸಿ. ಹಿಂದೆ ಅವನ ಕೈಕೆಳಗೆ ಆಡಿದವರಲ್ಲಿ ಬೆಂಚಲ್ಲಿ ಕೂತಿದ್ದವರನ್ನೂ ಒಬ್ಬಿಬ್ಬರನ್ನು ಕರೆದು ಕೇಳಿ.

ನಮ್ಮಲ್ಲಿ ಪ್ರೊ ಕಬಡ್ಡಿ 2014ರಲ್ಲಿ ಶುರುವಾಯಿತು. ನಮ್ಮ ರಾಜ್ಯದವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬೆಂಗಾಲ್ ವಾರಿಯರ್ಸ್ ಮತ್ತು ಪುಣೇರಿ ಪಲ್ಟನ್ ತಂಡಗಳಿಗೆ ಕಪ್ ಗೆಲ್ಲಿಸಿದ್ದಾರೆ. ಅವರು ದೇಶಕ್ಕೆ ಆಡಿದವರು, ಆ ಮಾತೇ ಬೇರೆ. ಹಳ್ಳಿ ಹುಡುಗನಿಗೆ ಮೊದಲ ಸಲ ಬೋನಸ್ ಗೆರೆ ತೋರಿಸಿದ ಕಾಲೇಜು ಮೇಷ್ಟ್ರಿಗೆ ಯಾವ ಫ್ರಾಂಚೈಸಿಯೂ ಫೋನ್ ಮಾಡಿದ್ದು ನಾನು ಕಂಡಿಲ್ಲ. ಸಹಾಯಕ ಕೋಚ್ ಆಗಿಯಾದರೂ ಒಬ್ಬಿಬ್ಬರನ್ನು ಕರೆಯಬಾರದೇ? ನಿಮ್ಮ ಲೇಖಕರು ಮುಂದಿನ ಸಲ ಅದರ ಬಗ್ಗೆ ಬರೆಯಲಿ.

ಕೊನೆಯದಾಗಿ ಒಂದು ತಿದ್ದುಪಡಿ. ಬರಹದ ಪಕ್ಕ ಗೋಲ್‌ಕೀಪರ್ ಹಾರಿ ಗುಂಡಗಿನ ಚೆಂಡು ಹಿಡಿಯುವ ಫೋಟೊ ಹಾಕಿದ್ದೀರಿ. ಇದು ಆ ಫುಟ್‌ಬಾಲ್ ಅಲ್ಲ. ಇದರ ಚೆಂಡಿನ ಎರಡೂ ತುದಿ ಚೂಪು, ಗೋಲ್‌ಕೀಪರ್ ಇರುವುದೇ ಇಲ್ಲ. ನನ್ನ ಅಳಿಯನಿಗೆ ಪುಟದ ಫೋಟೊ ಕಳಿಸಿದೆ, ಇನ್ನೂ ನಗುತ್ತಿದ್ದಾನೆ.

— ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕ, ವಿದ್ಯಾನಗರ, ಹಾಸನ