ಮಡಚುವ ಸೈಕಲ್ ಮತ್ತು ನಿನ್ನ ಎರಡು ಕೈ: ಗೆಳೆಯನಿಗೊಂದು ಪತ್ರ

ಡೊಂಬಿವಲಿ, ಭಾನುವಾರ ಸಂಜೆ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಕಳಿಸಿದ ಮೂರು ಸೈಕಲ್ಲುಗಳ ಫೋಟೋ ನೋಡಿದೆ. ಕೆಳಗೆ ಒಂದೇ ಸಾಲು: "ಟೆಂಟ್ ಕಟ್ಟಿಕೊಂಡು ಪವನಾ ಜಲಾಶಯದ ಕಡೆ ಹೋಗಬೇಕು, ಯಾವುದು ತಗೊಳ್ಳಲಿ? ನೀಲಿ ಚೆಂದ ಉಂಟು." ಎಂಥ ಮಾರಾಯ, ಬಂಗುಡೆ ಕೊಳ್ಳುವಾಗ ಕಿವಿರು ಎತ್ತಿ ನೋಡುವವನು ನೀನು, ಸೈಕಲ್ಲಿಗೆ ಬಣ್ಣ ನೋಡಿ ಮರುಳಾದೆಯಲ್ಲ! ಮೊಬೈಲಿನಲ್ಲಿ ಹೆಬ್ಬೆರಳು ಒತ್ತಿ ಮುಗಿಸುವ ವಿಷಯ ಅಲ್ಲ ಇದು, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ. ಚಹಾ ಇಟ್ಟುಕೊಂಡು ಓದು.

ನಾನು ಮೊದಲು ತೆಗೆದುಕೊಂಡದ್ದು ನಿನಗೆ ನೆನಪಿರಬೇಕು. ಹದಿನಾರು ಇಂಚಿನ ಗಾಲಿ, ಗೇರಿಲ್ಲ, ಮಡಚಿದರೆ ಲೋಕಲ್ ರೈಲಿನ ಸೀಟಿನ ಕೆಳಗೆ ತಳ್ಳಬಹುದು ಅನ್ನಿಸುವಷ್ಟು ಪುಟ್ಟದು. ಸೆಕೆಂಡ್ ಹ್ಯಾಂಡ್. ಅದರ ಮೊದಲ ಪ್ರಯಾಣ ಅಲಿಬಾಗಿಗೆ. ಬೆಳಗಿನ ಮೊದಲ ಲೋಕಲ್ಲಿನಲ್ಲಿ ಮುಂಬೈಯ ಸಿಎಸ್‌ಎಂಟಿ ಸ್ಟೇಶನ್, ಅಲ್ಲಿಂದ ಭಾನುವಾರದ ಖಾಲಿ ಫೋರ್ಟ್ ರಸ್ತೆಗಳಲ್ಲಿ ಗೇಟ್‌ವೇ ಆಫ್ ಇಂಡಿಯಾ ತನಕ ಸವಾರಿ, ಮಡಚಿ ದೋಣಿಗೆ, ಸುಮಾರು ಒಂದು ತಾಸಿಗೆ ಆಚೆ ದಡದ ಮಾಂಡ್ವಾ. ಅಲ್ಲಿ ಬಿಚ್ಚಿದೆ, ಹೊರಟೆ. ಆಟೊದವರು ನೋಡುತ್ತಲೇ ಉಳಿದರು. ತೆಂಗು, ಅಡಿಕೆ, ಸಮುದ್ರದ ಗಾಳಿ, ಮಟ್ಟಸವಾದ ರಸ್ತೆ. ನಾಗಾಂವದ ಒಂದು ವಾಡಿಯಲ್ಲಿ, ಅಂದರೆ ತೋಟದಲ್ಲಿ, ಯಜಮಾನರನ್ನು ಕೇಳಿ ತೆಂಗಿನ ಬುಡದಲ್ಲಿ ಟೆಂಟ್ ಹಾಕಿದೆ. ಕಾಯಿ ಬೀಳಬಹುದು ಅಂತ ಅವರೇ ಎಬ್ಬಿಸಿ ಟೆಂಟನ್ನು ಹತ್ತು ಹೆಜ್ಜೆ ಆಚೆ ಹಾಕಿಸಿದರು, ಅದು ಬೇರೆ ಕಥೆ. ಪ್ರಪಂಚದಲ್ಲಿ ಇದಕ್ಕಿಂತ ಒಳ್ಳೆಯ ಸೈಕಲ್ಲೇ ಇಲ್ಲ ಅನ್ನಿಸಿತ್ತು ಆವತ್ತು.

ಮುಂದಿನ ತಿಂಗಳು ಅದನ್ನೇ ಹಿಡಿದು ಕರ್ಜತ್‌ಗೆ ಹೋದೆ. ಸ್ಟೇಶನ್ನಿನಿಂದ ಕೊಂಡಾಣೆ ಗುಹೆಯ ಬುಡದ ಹಳ್ಳಿಯ ಕಡೆ. ಹತ್ತು ಕಿಲೋಮೀಟರ್ ಆಚೆ ಈಚೆ ಇರಬಹುದು, ದೊಡ್ಡ ಘಾಟಿ ಏನೂ ಅಲ್ಲ. ಆದರೆ ಬೆನ್ನ ಮೇಲೆ ಒಂಬತ್ತು ಕಿಲೋ, ಗೇರಿಲ್ಲದ ಸೈಕಲ್, ಸಣ್ಣ ಸಣ್ಣ ಏರು. ಅರ್ಧ ದಾರಿ ತಳ್ಳಿದೆ. ಮೇಕೆ ಕಾಯುವ ಹುಡುಗನೊಬ್ಬ ಜೊತೆಗೇ ನಡೆಯುತ್ತ, "ಚಾಲತ್ ನಾಹೀ ಕಾ?", ನಡೆಯುವುದಿಲ್ಲವಾ ಅಂತ ಕೇಳಿದ. ನಡೆಯುತ್ತದಪ್ಪ, ನಾನೇ ನಡೆಯುತ್ತಿದ್ದೇನೆ ಅಂದೆ.

ಸೈಕಲ್ ಅದೇ, ಸವಾರನೂ ಅವನೇ. ದಾರಿ ಬದಲಾಯಿತು, ಅಷ್ಟೆ. ನಿನ್ನ ದಾರಿಯನ್ನು ನಾನು ಹೀಗೆ ಊಹಿಸಿಕೊಂಡಿದ್ದೇನೆ: ಲಿಫ್ಟಿಲ್ಲದ ಮೂರನೇ ಮಹಡಿಯಿಂದ ಇಳಿದು ಚಿಂಚವಡ ಸ್ಟೇಶನ್, ಲೋಣಾವಳಾ ಲೋಕಲ್, ಕಾಮಶೇತ್‌ನಲ್ಲಿ ಇಳಿಯುವುದು, ಪಾದಚಾರಿ ಸೇತುವೆ ಹತ್ತಿ ಇಳಿಯುವುದು, ಅಲ್ಲಿಂದ ಪವನಾನಗರದ ರಸ್ತೆ. ಇದರಲ್ಲಿ ಸೈಕಲ್ ನಿನ್ನನ್ನು ಹೊರುವುದು ಕೊನೆಯ ಭಾಗದಲ್ಲಿ ಮಾತ್ರ. ಉಳಿದದ್ದೆಲ್ಲ ನೀನೇ ಅದನ್ನು ಹೊರಬೇಕು. ನಿನಗೆ ಇರುವುದು ಎರಡೇ ಕೈ. ಒಂದರಲ್ಲಿ ಸೈಕಲ್ ಅಂದಮೇಲೆ ಟೆಂಟು, ಚಾಪೆ, ಹೊದಿಕೆ, ನೀರು, ಬುತ್ತಿ ಎಲ್ಲ ಸೇರಿ ಇನ್ನೊಂದು ಕೈಗೋ ಬೆನ್ನಿಗೋ ಒಂದೇ ಗಂಟಾಗಬೇಕು. ಎರಡು ಗಂಟಾದರೆ ಒಂದು ಪ್ಲಾಟ್‌ಫಾರಂನಲ್ಲೇ ಉಳಿಯುತ್ತದೆ. ಲೋಕಲ್ ನಿಲ್ಲುವುದು ಎಷ್ಟು ಹೊತ್ತು ಅಂತ ನಿನಗೆ ಹೇಳಬೇಕಿಲ್ಲ. ಮೂರನೇ ಸಲ ಹೋಗುವಾಗ ನನ್ನ ಚಾಪೆ ಹಾಗೇ ಬದ್ಲಾಪುರದಲ್ಲಿ ಉಳಿಯಿತು.

ಈ ಲೆಕ್ಕ ಇಟ್ಟುಕೊಂಡು ನಿನ್ನ ಮೂರು ಫೋಟೋ ನೋಡಿದರೆ ನೀಲಿ ಮೊದಲು ಬಿದ್ದುಹೋಗುತ್ತದೆ. ಅದಕ್ಕೆ ಇಪ್ಪತ್ತಾರು ಇಂಚಿನ ಗಾಲಿ. ಮಡಚುತ್ತದೆ, ನಿಜ. ಮಡಚಿದ ಮೇಲೂ ಲಗೇಜ್ ಡಬ್ಬಿಯ ಬಾಗಿಲು ತುಂಬುತ್ತದೆ. ಮೀನಿನ ಬುಟ್ಟಿ ಹಿಡಿದ ಮೀನುಗಾರ ಹೆಂಗಸರು ನಿನಗೆ ಕಲಿಸುವ ಮರಾಠಿ ಯಾವ ಪುಸ್ತಕದಲ್ಲೂ ಸಿಗದು.

ಉಳಿದದ್ದು ಹದಿನಾರು ಮತ್ತು ಇಪ್ಪತ್ತು. ಹದಿನಾರರಲ್ಲಿ ಬ್ರಾಂಪ್ಟನ್ ರಾಜ, ಒಪ್ಪುತ್ತೇನೆ. ಆಂಡ್ರ್ಯೂ ರಿಚಿ ಎಂಬ ಎಂಜಿನಿಯರ್ ಲಂಡನ್ನಿನ ತನ್ನ ಮನೆಯಲ್ಲೇ ಕೂತು 1970ರ ದಶಕದಲ್ಲಿ ರೂಪಿಸಿದ ಸೈಕಲ್ ಅದು; ಕಿಟಕಿಯಿಂದ ಕಾಣುತ್ತಿದ್ದ ಬ್ರಾಂಪ್ಟನ್ ಆರೇಟರಿ ಎಂಬ ಚರ್ಚಿನ ಹೆಸರನ್ನೇ ಇಟ್ಟ. ಮಡಚಿದಾಗ ಚೈನು ಎರಡು ಗಾಲಿಗಳ ನಡುವೆ ಅಡಗಿಬಿಡುತ್ತದೆ, ಪ್ಯಾಂಟಿಗೆ ಮಸಿ ತಾಗುವುದಿಲ್ಲ. ಮುಂದಿನ ಚೀಲ ಹ್ಯಾಂಡಲ್ಲಿಗಲ್ಲ, ಫ್ರೇಮಿಗೇ ಸಿಕ್ಕಿಕೊಳ್ಳುತ್ತದೆ, ಹಾಗಾಗಿ ಭಾರ ಇದ್ದರೂ ಹ್ಯಾಂಡಲ್ ತಿರುಗಿಸುವುದು ಹಗುರ. ಇಳಿದಾಗ ಒಂದೇ ಎಳೆತಕ್ಕೆ ಚೀಲ ಕೈಗೆ ಬರುತ್ತದೆ. ನಾನು ಹೇಳಿದ ಎರಡು ಕೈಯ ಲೆಕ್ಕಕ್ಕೆ ಇದಕ್ಕಿಂತ ಚೆನ್ನಾಗಿ ಹೊಂದುವುದು ನಾನು ಕಂಡಿಲ್ಲ. ಆದರೆ ಆ ಬೆಲೆಗೆ ನಿನ್ನ ಸ್ಕೂಟರಿಗಿಂತ ದೊಡ್ಡ ಸ್ಕೂಟರ್ ಬರುತ್ತದೆ. ಕಾಮಶೇತ್‌ನಲ್ಲಿ ಟಯರ್ ಹರಿದರೆ ಅದರ 349ರ ಟಯರ್ ಎಲ್ಲಿಂದ ತರುತ್ತೀ?

ಈ 349 ಏನು ಅಂದರೆ, ಟಯರಿನ ಪಕ್ಕದಲ್ಲಿ ಅಚ್ಚೊತ್ತಿದ ಅಂಕಿ. ರಿಮ್ಮಿನ ಮೇಲೆ ಟಯರು ಕೂರುವ ಜಾಗದ ವ್ಯಾಸ, ಮಿಲಿಮೀಟರಿನಲ್ಲಿ. ಇಂಚಿನ ಮಾತನ್ನು ನಂಬಬೇಡ. ಹದಿನಾರು ಇಂಚು ಅಂತ ಮಾರುವುದರಲ್ಲಿ 305 ಒಂದು, 349 ಇನ್ನೊಂದು. ಇಪ್ಪತ್ತು ಇಂಚಿನಲ್ಲಿ 406 ಒಂದು, 451 ಇನ್ನೊಂದು. ಒಂದರ ಟಯರು ಇನ್ನೊಂದಕ್ಕೆ ಕೂರುವುದಿಲ್ಲ. ನಿನಗೆ ಬೇಕಾದದ್ದು 406. ಕಾರಣ ಬಹಳ ಸರಳ: ಮಕ್ಕಳ ಇಪ್ಪತ್ತು ಇಂಚಿನ ಸೈಕಲ್ಲುಗಳದ್ದು ಸಾಮಾನ್ಯವಾಗಿ ಇದೇ ಅಳತೆ. ಯಾವ ತಾಲೂಕಿನ ಸೈಕಲ್ ಅಂಗಡಿಯಲ್ಲೂ ಅದರ ಟ್ಯೂಬು ಮೊಳೆಗೆ ತೂಗಿಹಾಕಿರುತ್ತಾರೆ. ಹಾಗೇ ವಾಲ್ವ್ ಸ್ಕೂಟರಿನ ಥರದ್ದು ಇದ್ದರೆ ಪೆಟ್ರೋಲ್ ಬಂಕಿನಲ್ಲೇ ಗಾಳಿ ತುಂಬಿಸಬಹುದು.

ಈಗ ಗೇರು. ಇಲ್ಲಿ ನಿನ್ನ ಮಂಡೆ ಬಿಸಿ ಮಾಡುತ್ತೇನೆ, ಸ್ವಲ್ಪ ಸಹಿಸು. ಅಂಗಡಿಯವನು "ಏಳು ಗೇರ್ ಸಾರ್" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಎಷ್ಟು ಗೇರು ಅನ್ನುವುದಕ್ಕಿಂತ ಎಲ್ಲಕ್ಕಿಂತ ಹಗುರದ ಗೇರು ಎಷ್ಟು ಹಗುರ ಅನ್ನುವುದೇ ಮುಖ್ಯ. ಪೆಡಲ್ ಕಡೆಯ ಚಕ್ರದ ಹಲ್ಲು ಎಣಿಸು, ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲಿನಿಂದ ಭಾಗಿಸು, ಗಾಲಿಯ ಇಂಚಿನಿಂದ ಗುಣಿಸು. ಮುಂದೆ 52, ಹಿಂದೆ 28, ಗಾಲಿ 20 ಅಂದರೆ 37. ಊರೊಳಗೆ ಇದು ಸುಖ. ಸಾಮಾನು ಹೊತ್ತು ಏರು ಹತ್ತಲು ಈ ಅಂಕಿ ಮೂವತ್ತರೊಳಗೆ ಇಳಿಯಬೇಕು ಅಂತ ನನ್ನ ಮೊಣಕಾಲು ಹೇಳುತ್ತದೆ. ನನ್ನ ಈಗಿನ ಸೈಕಲ್ ಬಂದದ್ದು ಆ 37ರಲ್ಲೇ. ಹಿಂದೆ 32 ಹಲ್ಲಿನದ್ದು, ಮುಂದೆ 44ರದ್ದು ಹಾಕಿಸಿದೆ, ಈಗ ಇಪ್ಪತ್ತೇಳೂವರೆ. ಇಳಿಜಾರಿನಲ್ಲಿ ಪೆಡಲ್ ಖಾಲಿ ತಿರುಗುತ್ತದೆ, ತಿರುಗಲಿ. ಇಳಿಯುವಾಗ ಯಾರು ತುಳಿಯುತ್ತಾರೆ? ಆ ಹಳೆಯ ಹದಿನಾರರ ಅಂಕಿ ಎಷ್ಟು ಗೊತ್ತಾ, 50. ಕರ್ಜತ್‌ನಲ್ಲಿ ಯಾಕೆ ತಳ್ಳಿದೆ ಅಂತ ಈಗ ಲೆಕ್ಕ ಸಿಕ್ಕಿತಲ್ಲ. ಪವನಾದಿಂದ ಹಿಂದೆ ಬರುವಾಗ ನೀನು ಕಾಮಶೇತ್ ಬಿಟ್ಟು ಲೋಣಾವಳಾ ಕಡೆ ಹೋಗುವ ಹುರುಪು ಮಾಡಿದರೆ ದುಧಿವರೆ ಖಿಂಡಿ ಎಂಬ ಘಾಟಿಯ ಏರು ಎದುರು ನಿಂತಿರುತ್ತದೆ. ಆಗ ಈ ಭಾಗಾಕಾರ ನೆನಪಾಗುತ್ತದೆ ನೋಡು.

ಹೊರೆಯ ಮಿತಿಯನ್ನೂ ಓದು. ಬಹಳಷ್ಟು ಮಡಚುವ ಸೈಕಲ್ಲುಗಳ ಮಿತಿ ನೂರು, ನೂರಾ ಹತ್ತು ಕಿಲೋ ಸುತ್ತಮುತ್ತ. ಅದರಲ್ಲಿ ಸವಾರನೂ ಸಾಮಾನೂ ಸೇರಿ. ಗಣೇಶ ಚೌತಿಯ ನಂತರ ನೀನೊಬ್ಬನೇ ಎಷ್ಟು ತೂಗುತ್ತೀ ಅಂತ ನಾನು ಕೇಳುವುದಿಲ್ಲ.

ಕ್ಯಾರಿಯರ್ ಇಲ್ಲದ್ದನ್ನು ತಗೊಳ್ಳಬೇಡ. ಬೆನ್ನ ಮೇಲೆ ಹೊತ್ತರೆ ಬೆವರಿಗೆ ಅಂಗಿ ಅಂಟಿ ಹತ್ತನೇ ಕಿಲೋಮೀಟರಿಗೆ ಸೀಟಿನ ಮೇಲೆ ಕೂರಲಾಗುವುದಿಲ್ಲ. ಆದರೆ ಎರಡೂ ಪಕ್ಕ ಇಳಿಬಿಡುವ ಚೀಲದ ಆಸೆಯನ್ನೂ ಬಿಡು. ಇವುಗಳ ಹಿಂಭಾಗ ಗಿಡ್ಡ, ತುಳಿಯುವಾಗ ಹಿಮ್ಮಡಿ ಚೀಲಕ್ಕೆ ಬಡಿಯುತ್ತದೆ. ಮೇಲಾಗಿ ಮಡಚಬೇಕಾದರೆ ಕಟ್ಟಿದ್ದನ್ನೆಲ್ಲ ಬಿಚ್ಚಲೇಬೇಕು. ನಾನು ಮೊದಮೊದಲು ಟೆಂಟಿಗೊಂದು ಹಗ್ಗ, ಚಾಪೆಗೊಂದು, ನೀರಿಗೊಂದು ಅಂತ ಕಟ್ಟಿ ಪ್ರತಿ ಸ್ಟೇಶನ್ನಿನಲ್ಲೂ ಹತ್ತು ನಿಮಿಷ ಗಂಟು ಬಿಚ್ಚುತ್ತ ಕೂರುತ್ತಿದ್ದೆ. ಈಗ ಒಂದೇ ಬೆನ್ನುಚೀಲ, ಏಳು ಕಿಲೋ, ಕ್ಯಾರಿಯರ್ ಮೇಲೆ ಉದ್ದುದ್ದ ಮಲಗಿಸಿ ಎರಡು ಪಟ್ಟಿ. ಇಳಿದ ಕೂಡಲೇ ಅದು ಬೆನ್ನಿಗೆ.

ಚೀಲ ಏಳು ಕಿಲೋಗೆ ಇಳಿದದ್ದು ಸ್ಟವ್ ಬಿಟ್ಟದ್ದರಿಂದ. ಗ್ಯಾಸಿನ ಡಬ್ಬಿ ರೈಲಿನಲ್ಲಿ ಒಯ್ಯುವಂತಿಲ್ಲ, ಅದು ಕಾನೂನು. ಲೋಕಲ್ ಆದರೇನು, ರಾಜಧಾನಿ ಆದರೇನು. ರಾತ್ರಿಗೆ ಮನೆಯ ಚಪಾತಿ ಮತ್ತು ಚಟ್ನಿಪುಡಿ, ಬೆಳಿಗ್ಗೆಗೆ ಬೆಲ್ಲ ಕಾಯಿ ಕಲಸಿದ ಅವಲಕ್ಕಿ. ಚಹಾ ಹಳ್ಳಿಯಲ್ಲಿ ಸಿಗುತ್ತದೆ. ಕೇಳಿದರೆ ಝುಣಕಾ ಭಾಕರಿಯೂ.

ಇನ್ನು ಅಂಗಡಿಯಲ್ಲಿ ಮಾಡಬೇಕಾದ್ದು. ಫ್ರೇಮಿನ ನಡುವಿನ ಕೀಲನ್ನು ಹಾಕಿ, ಮುಂದಿನ ಬ್ರೇಕ್ ಒತ್ತಿ ಹಿಡಿದು, ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸು, ಕೀಲಿನ ಮೇಲೆ ಬೆರಳು ಇಟ್ಟುಕೊಂಡು. ಬೆರಳಿಗೆ ಟಕ್ ಅಂತ ತಾಗಿದರೆ ಬೇಡ. ಹ್ಯಾಂಡಲ್ ಕಂಬದ ಕೀಲಿಗೂ ಇದೇ ಪರೀಕ್ಷೆ. ಚಿಲಕ ತಾನಾಗಿ ತೆರೆದುಕೊಳ್ಳದಂತೆ ಇನ್ನೊಂದು ಸಣ್ಣ ಕೊಂಡಿ ಇರಬೇಕು. ನನ್ನ ಹಳೆಯದರಲ್ಲಿ ಅದು ಸವೆದುಹೋಗಿತ್ತು, ಇಳಿಜಾರಿನಲ್ಲಿ ಹ್ಯಾಂಡಲ್ ಒಮ್ಮೆ ಕೈಯಲ್ಲೇ ಸಡಿಲವಾಯಿತು. ಬಿದ್ದದ್ದು ಹುಲ್ಲಿನ ಮೇಲೆ, ಪುಣ್ಯ. ಹೆಂಡತಿಗೆ ಈ ವಿಷಯ ಗೊತ್ತಿಲ್ಲ, ನಿನ್ನವಳಿಗೂ ಹೇಳಬೇಡ, ಫೋನಿನಲ್ಲಿ ದಾಟಿಬಿಡುತ್ತದೆ.

ಡಿಸ್ಕ್ ಬ್ರೇಕ್ ಅಂತ ಅಂಗಡಿಯವನು ಬೀಗಿದರೆ ಒಪ್ಪಬೇಡ. ಮಡಚಿ ಜನರ ಕಾಲ ನಡುವೆ ನಿಲ್ಲಿಸುವ ಸೈಕಲ್ಲಿನಲ್ಲಿ ಆ ತೆಳು ತಟ್ಟೆ ಸೊಟ್ಟಗಾಗುವುದಕ್ಕೆ ಒಂದು ಒದೆ ಸಾಕು. ರಿಮ್ ಹಿಡಿಯುವ ಮಾಮೂಲಿ ಬ್ರೇಕು ಎಲ್ಲರಿಗೂ ರಿಪೇರಿ ಬರುತ್ತದೆ.

ಹಾಗಾದರೆ ಉಳಿದದ್ದು ನಿನ್ನ ಮೂರನೇ ಫೋಟೋದ ಬೂದು ಬಣ್ಣದ್ದು. ಇಪ್ಪತ್ತು ಇಂಚು, ಏಳು ಗೇರು, ಕ್ಯಾರಿಯರ್ ಉಂಟು. ತೂಕ ಹನ್ನೆರಡು ಹದಿಮೂರು ಕಿಲೋ ಇದ್ದರೆ ಸರಿ, ಹದಿನೈದು ದಾಟಿದರೆ ನಿನ್ನ ಮೂರನೇ ಮಹಡಿ ನೆನಪಿಸಿಕೋ. ಈ ಜಾತಿಯ ಇಪ್ಪತ್ತು ಇಂಚಿನ ಸೈಕಲ್ಲುಗಳನ್ನು ಮನೆಮಾತು ಮಾಡಿದ್ದು ಡೇಹಾನ್. 1982ರಲ್ಲಿ ಅದನ್ನು ಕಟ್ಟಿದ ಡೇವಿಡ್ ಹಾನ್ ಅದಕ್ಕೆ ಮೊದಲು ಲೇಸರ್ ವಿಜ್ಞಾನಿ. ಲೇಸರ್ ಬಿಟ್ಟು ಕೀಲು ಹಿಡಿದ ಮನುಷ್ಯ! ನಿನ್ನ ಬೂದು ಸೈಕಲ್ ಡೇಹಾನ್ ಅಲ್ಲ, ಆದರೆ ನಡುವೆ ಕೀಲು, ಉದ್ದದ ಸೀಟು ಕಂಬ, ಅದೇ ಮಾದರಿ.

ಶನಿವಾರ ಅಂಗಡಿಗೆ ಹೋಗುವಾಗ ಖಾಲಿ ಕೈಯಲ್ಲಿ ಹೋಗಬೇಡ. ಟೆಂಟು, ಚಾಪೆ, ಎರಡು ಲೀಟರ್ ನೀರು ತುಂಬಿದ ಚೀಲ ಬೆನ್ನಿಗೆ ಹಾಕಿಕೊಂಡು ಹೋಗು. ಅಲ್ಲಿ ಸೈಕಲ್ ಮಡಚಿ, ಒಂದು ಕೈಯಲ್ಲಿ ಎತ್ತಿ, ಹತ್ತಿರದ ಯಾವುದಾದರೂ ಮೆಟ್ಟಿಲು ಹತ್ತಿ ಇಳಿದು ಬಾ. ಅಂಗಡಿಯವನು ನಕ್ಕರೆ ನಗಲಿ. ಆಮೇಲೆ ಫೋನ್ ಮಾಡು. ಡಿಸೆಂಬರ್ ಮೊದಲ ಶನಿವಾರ ನಾನು ಕಾಮಶೇತ್‌ಗೇ ಬರುತ್ತೇನೆ, ಪ್ಲಾಟ್‌ಫಾರಂನಲ್ಲಿ ಸಿಗು.

ಇಂತಿ,
ನಿನ್ನ ಡೊಂಬಿವಲಿಯ ದೋಸ್ತ

ತಾ.ಕ.: ಮಡಚಿದ ಮೇಲೆ ಎರಡು ಭಾಗ ಬಿಚ್ಚಿಕೊಳ್ಳದಂತೆ ಆಯಸ್ಕಾಂತ ಇರುತ್ತದೆ ಅಂತ ಹೇಳುತ್ತಾರೆ. ಲೋಕಲ್ಲಿನ ನೂಕಾಟಕ್ಕೆ ಅದು ಸಾಲದು, ಹಳೆ ಬೆಲ್ಟ್ ಒಂದನ್ನು ಇಟ್ಟುಕೋ. ಬರುವಾಗ ಅಮ್ಮ ಮಾಡಿದ ಚಕ್ಕುಲಿ ತಾ, ಅದಕ್ಕೆ ಚೀಲದಲ್ಲಿ ಜಾಗ ನಾನು ಬಿಟ್ಟಿರುತ್ತೇನೆ.